ಮಾರ್ನಿಂಗ್ ಷೋಗೆ ಒಂದು ಲೋಟ ಹಲ್ವಾ!

"ನಿಮ್ಮ ಹೀರೋಗಳು ಬೆಳಿಗ್ಗೆ ಎದ್ದು ಏನು ತಿಂತಾರೆ ಸಾರ್?"

ನಾನು ಸಿನಿಮಾ ಪತ್ರಕರ್ತ ಅಂತ ಗೊತ್ತಾದ ತಕ್ಷಣ ಹುಡುಗರು ಕೇಳೋ ಮೊದಲ ಪ್ರಶ್ನೆ ಇದೇ. ಹೀರೋಯಿನ್ ವಿಚಾರ ಎರಡನೆಯದು! ಥಿಯೇಟರ್ ಕ್ಯೂನಲ್ಲಿ ಕೇಳ್ತಾರೆ, ಷೂಟಿಂಗ್ ಹಗ್ಗದಾಚೆ ನಿಂತು ಕೇಳ್ತಾರೆ, ಮೊನ್ನೆ ಮೆಜೆಸ್ಟಿಕ್ಕಿನಲ್ಲಿ ಒಬ್ಬ ಕಂಡಕ್ಟರ್ ಚಿಲ್ಲರೆ ಕೊಡ್ತಾ ಕೇಳಿದ. ಆತನ ಬುಷ್‌ಶರ್ಟಿನ ತೋಳು ಬಿಗಿಯಾಗಿತ್ತು. ಜಿಮ್‌ಗೆ ಹೋಗ್ತಾನೆ ಅಂತ ಹೇಳಬೇಕಾಗಿರಲಿಲ್ಲ.

ಉತ್ತರ ನನಗೆ ಗೊತ್ತು, ಆದರೆ ಅದರಿಂದ ನಿಮಗೇನೂ ಪ್ರಯೋಜನವಿಲ್ಲ ಗೆಳೆಯರೇ. ಹೀರೋಗೆ ಅಡುಗೆಯವನಿದ್ದಾನೆ, ಟ್ರೈನರ್ ಇದ್ದಾನೆ, ಅನ್ನವನ್ನು ತಕ್ಕಡಿಯಲ್ಲಿಟ್ಟು ತೂಗಿ ಕೊಡೋ ಮನುಷ್ಯನೊಬ್ಬ ಬೇರೆ ಇದ್ದಾನೆ. ಅಂಗಿ ಬಿಚ್ಚೋ ಒಂದು ಷಾಟ್‌ಗಾಗಿ ತಿಂಗಳುಗಟ್ಟಲೆ ಪಥ್ಯ. ಷಾಟ್ ಹತ್ತಿರ ಬಂದಾಗ ನೀರನ್ನೂ ಕಡಿಮೆ ಮಾಡಿಕೊಳ್ಳೋರಿದ್ದಾರೆ, ಚರ್ಮ ಮೈಗಂಟಿ ಗೆರೆ ಎದ್ದು ಕಾಣಲಿ ಅಂತ. ಅದು ಅಪಾಯದ ಆಟ. ಪಕ್ಕದಿಂದ ಒಂದು ಲೈಟ್, ಮೈಗೊಂದಿಷ್ಟು ಎಣ್ಣೆ... ಸಿಕ್ಸ್ ಪ್ಯಾಕ್ ರೆಡಿ! ನಮ್ಮಪ್ಪ ಹೇಳೋ ಹಾಗೆ, "ಪರದೆ ಮೇಲಿನ ಮೈಯಲ್ಲಿ ಅರ್ಧ ಮಾಂಸ, ಅರ್ಧ ಬೆಳಕು ಕಣೋ."

ಅಪ್ಪನಿಗೆ ಆ ಮಾತಾಡೋ ಅಧಿಕಾರ ಇದೆ. ಅವರು ತುಮಕೂರು ಕಡೆಯ ಒಂದು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡ್ತಿದ್ದ ಕಾಲದವರು. ಎರಡು ಸಾವಿರ ಅಡಿಯ ಒಂದು ರೀಲ್ ಅಂದರೆ ಸುಮಾರು 22 ನಿಮಿಷ. ಅದು ಮುಗಿಯೋದರೊಳಗೆ ಪಕ್ಕದ ಪ್ರೊಜೆಕ್ಟರಿನಲ್ಲಿ ಮುಂದಿನದು ಸಿದ್ಧವಿರಬೇಕು, ಇಲ್ಲದಿದ್ದರೆ ಕೆಳಗಿಂದ ಶಿಳ್ಳೆ, ಬೈಗುಳ! 1983ರಲ್ಲಿ 'ಕಾಮನ ಬಿಲ್ಲು' ಬಂದಾಗ ಅಣ್ಣಾವ್ರು ಯೋಗಾಸನ ಹಾಕೋ ದೃಶ್ಯಕ್ಕೆ ಕ್ಯಾಬಿನ್ನಿನ ಕಿಂಡಿಯಲ್ಲೇ ನಿಂತು ಕೈ ಮುಗಿದವರು ಅವರು. ಫಿಲಂ ಡಬ್ಬಗಳನ್ನು ಹೆಗಲ ಮೇಲಿಟ್ಟು ಕ್ಯಾಬಿನ್ ಮೆಟ್ಟಿಲು ಹತ್ತುತ್ತಿದ್ದ ಅಪ್ಪನನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ಆಮೇಲೆ ಡಿಜಿಟಲ್ ಬಂತು. ರೀಲೂ ಹೋಯಿತು, ಕೆಲಸವೂ ಹೋಯಿತು. ನಾನು ಪಿಯುಸಿಗೆ ಶರಣು ಹೊಡೆದು ಬೆಂಗಳೂರಿಗೆ ಬಂದದ್ದು ಆ ನಂತರದ ಕಥೆ. ಅದು ಇಲ್ಲಿ ಬೇಡ.

ಕಳೆದ ವರ್ಷ ಅಪ್ಪನಿಗೆ ಹಲ್ಲಿನ ತೊಂದರೆ ಶುರುವಾಯಿತು. ಕೆಳಗಿನ ಸಾಲು ಪೂರ್ತಿ ಕೀಳಬೇಕಾಯಿತು. ಒಸಡು ಒಣಗಿ ಹಲ್ಲಿನ ಸೆಟ್ಟು ಕೂರಿಸೋವರೆಗೆ ತಿಂಗಳುಗಟ್ಟಲೆ ಬರೀ ಕಾಫಿ, ಗಂಜಿ, ಹಾಲು-ಅನ್ನ. ಅಮ್ಮನ ಜೊತೆ ನನ್ನ ಬಾಡಿಗೆ ಮನೆಗೆ ಬಂದಾಗ 58 ಕೆ.ಜಿ. ಇದ್ದವರು 52ಕ್ಕೆ ಇಳಿದಿದ್ದರು. ನಮ್ಮದು ಎರಡನೇ ಮಹಡಿ. ಒಂದು ದಿನ ಅಂಗಡಿಗೆ ಹೋಗಿ ಬಂದವರು ಅರ್ಧ ಮೆಟ್ಟಿಲಲ್ಲಿ ಕೂತುಬಿಟ್ಟರು. "ಇಂಟರ್‌ವಲ್ ಕಣೋ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಡಾಕ್ಟರು ರಿಪೋರ್ಟೆಲ್ಲ ನೋಡಿ, "ಕಾಯಿಲೆ ಏನಿಲ್ಲ. ಹೊಟ್ಟೆಗೆ ಪ್ರೋಟೀನ್ ಬೀಳ್ತಿಲ್ಲ. ವಯಸ್ಸಾದವರಿಗೆ ಮಾಂಸಖಂಡ ಕರಗೋದು ಬೇಗ, ಮತ್ತೆ ಕೂಡೋದು ನಿಧಾನ. ತಿನ್ನೋಕೆ ಆಗದಿದ್ರೆ ಕುಡಿಸಿ" ಅಂದರು.

ಕುಡಿಸೋದು ಏನನ್ನ? ನಮ್ಮ ಏರಿಯಾದ ಜಿಮ್ ಹುಡುಗ ಒಬ್ಬ ಪ್ರೋಟೀನ್ ಪುಡಿಯ ಡಬ್ಬಿ ತೋರಿಸಿದ. ಡಬ್ಬಿ ಮೇಲೆ ಹುಲಿಯಂಥ ಒಬ್ಬ ಮನುಷ್ಯ! ಬೆಲೆ ಕೇಳಿದೆ. ನನ್ನ ಎರಡು ಲೇಖನದ ಸಂಭಾವನೆ, ಅದೂ ಸಂಭಾವನೆ ಬಂದರೆ! ಆದರೂ ಅವನ ಹತ್ತಿರ ಒಂದು ಚಮಚ ಕಡ ತಂದು ಕಲಸಿ ಕೊಟ್ಟೆ. ಅಪ್ಪ ಮೂಸಿ ನೋಡಿ ಲೋಟ ಕೆಳಗಿಟ್ಟರು. "ಇದು ಫಿಲಂ ತೊಳೆಯೋ ಔಷಧಿ ಇದ್ದ ಹಾಗಿದೆ."

ಅಮ್ಮನೇ ದಾರಿ ತೋರಿಸಿದ್ದು. ಥಿಯೇಟರಿನಲ್ಲಿ ಯಾವ ಚಿತ್ರ ಚೆನ್ನಾಗಿ ಓಡಿದರೂ ಓನರು ಸ್ಟಾಫಿಗೆಲ್ಲ ಕ್ಯಾರೆಟ್ ಹಲ್ವಾ ಹಂಚ್ತಿದ್ದರಂತೆ. ಅಪ್ಪ ತಮ್ಮ ಪಾಲನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ರಾತ್ರಿ ಸೆಕೆಂಡ್ ಷೋ ಮುಗಿಸಿ ಮನೆಗೆ ತರ್ತಿದ್ದರಂತೆ. "ಹಲ್ವಾ ಅಂದ್ರೆ ಬೇಡ ಅನ್ನಲ್ಲ ನೋಡು ನಿಮ್ಮಪ್ಪ" ಅಂದಳು.

ಸರಿ, ಹಲ್ವಾವನ್ನೇ ಕುಡಿಯೋ ಥರ ಮಾಡಿದರೆ? ಈಗಿನ ಕೆಫೆಗಳಲ್ಲಿ ಸ್ಮೂದಿ ಅಂತ ಮಾರ್ತಾರಲ್ಲ, ಹೆಸರು ದೊಡ್ಡದು, ಗ್ಲಾಸು ಉದ್ದ, ಬಿಲ್ಲು ಇನ್ನೂ ಉದ್ದ... ಅದೇ ಸ್ವಾಮಿ, ನಮ್ಮ ಮಿಕ್ಸಿಯಲ್ಲಿ!

ನಾನೀಗ ದಿನಾ ಮಾಡೋದು ಹೀಗೆ. ಎರಡು ಮಧ್ಯಮ ಗಾತ್ರದ ಕ್ಯಾರೆಟ್, ಅಂದರೆ 150 ಗ್ರಾಂ, ತುರಿದು ಅರ್ಧ ಚಮಚ ತುಪ್ಪದಲ್ಲಿ ಹಸಿ ವಾಸನೆ ಹೋಗೋವರೆಗೆ ಬಾಡಿಸಬೇಕು. ಆಮೇಲೆ ಸ್ವಲ್ಪ ಹಾಲು ಹಾಕಿ ಮುಚ್ಚಿ ಮೆತ್ತಗೆ ಬೇಯಿಸಬೇಕು. ಇದು ಅಮ್ಮನ ಕಟ್ಟಪ್ಪಣೆ. ತುಪ್ಪ ಬರೀ ರುಚಿಗಲ್ಲ. ಕ್ಯಾರೆಟ್ಟಿಗೆ ಕೇಸರಿ ಬಣ್ಣ ಕೊಡೋ ಬೀಟಾ ಕ್ಯಾರೊಟಿನ್ ನಮ್ಮ ಮೈಯಲ್ಲಿ ಎ ವಿಟಮಿನ್ ಆಗುತ್ತದೆ, ಅದು ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಹಸಿಯದಕ್ಕಿಂತ ಬೇಯಿಸಿದ್ದರಲ್ಲಿ ಅದು ಚೆನ್ನಾಗಿ ದಕ್ಕುತ್ತದೆ. ಚಳಿಗಾಲದಲ್ಲಿ ಕೆಂಪು ಡೆಲ್ಲಿ ಕ್ಯಾರೆಟ್ ಬರುತ್ತಲ್ಲ, ಅದರ ಕೆಂಪು ಬೇರೆ, ಟೊಮ್ಯಾಟೊದಲ್ಲಿರೋ ಲೈಕೋಪಿನ್ನಿನದು. ಹಲ್ವಾಕ್ಕೆ ಅದೇ ರಾಜ. ಸಿಕ್ಕದಿದ್ದರೆ ಊಟಿ ಕ್ಯಾರೆಟ್ ಸಾಕು.

ಬೆಂದದ್ದು ಪೂರ್ತಿ ಆರಬೇಕು. ಬಿಸಿಬಿಸಿಯಾಗಿ ಮಿಕ್ಸಿಗೆ ಸುರಿದು ಮುಚ್ಚಳ ಹಾಕಿದರೆ ಒಳಗಿನ ಹಬೆ ಮುಚ್ಚಳವನ್ನು ಸೂರಿಗೆ ಹಾರಿಸುತ್ತೆ. ಫೈಟ್ ಸೀನ್ ನಿಮ್ಮ ಅಡುಗೆಮನೆಯಲ್ಲೇ!

ಅದು ಆರೋ ಹೊತ್ತಿಗೆ ಚಟ್ನಿ ಜಾರಿನಲ್ಲಿ ಒಂದು ಹಿಡಿ ಹುರಿಗಡಲೆ (40 ಗ್ರಾಂ, ಹುಬ್ಬಳ್ಳಿ ಗೆಳೆಯರು ಪುಟಾಣಿ ಅಂತಾರೆ), ಹುರಿದು ಸಿಪ್ಪೆ ತೆಗೆದ ಕಡಲೇಕಾಯಿ ಬೀಜ 20 ಗ್ರಾಂ, ಎರಡು ಏಲಕ್ಕಿ. ನೀರು ಸೋಕಿಸದೆ ನುಣ್ಣಗೆ ಪುಡಿ ಮಾಡಬೇಕು. ಗುಟ್ಟು ಇರೋದೇ ಇಲ್ಲಿ. ಒದ್ದೆಯಲ್ಲಿ ಹಾಕಿದರೆ ತರಿತರಿ ಉಳಿಯುತ್ತೆ, ಹಲ್ಲಿಲ್ಲದವರಿಗೆ ಆ ತರಿಯೇ ಶತ್ರು. ಬೀಜ ಮುಗ್ಗಲು ವಾಸನೆ ಬಂದರೆ ಎಸೀರಿ, ಬೂಷ್ಟು ಹಿಡಿದ ಕಡಲೇಕಾಯಿಯ ವಿಷ ಲಿವರಿಗೆ ಹೋಗುತ್ತೆ. ಆಮೇಲೆ ದೊಡ್ಡ ಜಾರಿಗೆ ಈ ಪುಡಿ, ಆರಿದ ಕ್ಯಾರೆಟ್, ನೆನೆಸಿದ ಮೂರು ಖರ್ಜೂರ, ಕೆನೆ ತೆಗೆದ ಹಾಲಿನ ಪುಡಿ 20 ಗ್ರಾಂ. ಮೊದಲು ಸ್ವಲ್ಪವೇ ಹಾಲು ಹಾಕಿ ಗಟ್ಟಿಯಾಗಿ ರುಬ್ಬಿ, ಉಳಿದ ಹಾಲನ್ನು ಕೊನೆಗೆ. ಬೇಯಿಸೋಕೆ ಬಳಸಿದ್ದೂ ಸೇರಿ ಹಾಲು ಒಟ್ಟು 300 ಮಿ.ಲೀ. ಚಿಟಿಕೆ ಉಪ್ಪು ಮರೀಬೇಡಿ, ಸಿಹಿ ಎದ್ದು ನಿಲ್ಲೋದೇ ಅದರಿಂದ. ಸಕ್ಕರೆ ಬೇಡ.

ಲೆಕ್ಕ ಹಾಕೋಣ. ಹಾಲಿನಿಂದ ಹತ್ತು ಗ್ರಾಂ ಹತ್ತಿರ ಪ್ರೋಟೀನ್, ಹುರಿಗಡಲೆಯಿಂದ ಎಂಟು, ಹಾಲಿನ ಪುಡಿಯಿಂದ ಏಳು, ಕಡಲೇಬೀಜದಿಂದ ಐದು, ಕ್ಯಾರೆಟ್ ಪಾಪ ಒಂದು. ಒಟ್ಟು ಸುಮಾರು 30 ಗ್ರಾಂ. ಹುಲಿ ಡಬ್ಬಿಯ ಒಂದು ಚಮಚದಲ್ಲಿ ಇದ್ದದ್ದು 24! ಐಸಿಎಂಆರ್ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಬೇಕು. ಅರವತ್ತು ಕೆ.ಜಿ. ಆಳಿಗೆ 50 ಗ್ರಾಂ ಆಯಿತು. ಕಬ್ಬಿಣ ಎತ್ತೋರಿಗೆ ಇನ್ನೂ ಹೆಚ್ಚು ಬೇಕು ಅನ್ನಿ. ಬಸ್‌ಸ್ಟ್ಯಾಂಡ್ ಹೋಟೆಲಿನ ಎರಡು ಇಡ್ಲಿ, ಒಂದು ಟೀ ನಂಬಿಕೊಂಡರೆ ಆ ಲೆಕ್ಕದ ಹತ್ತಿರಕ್ಕೂ ಹೋಗಲ್ಲ ನೀವು.

ಮೊದಲ ದಿನ ಅಪ್ಪ ಲೋಟವನ್ನು ಅನುಮಾನದಿಂದ ನೋಡಿದರು.

"ಏನೋ ಇದು?"

"ಹಲ್ವಾ ಅಪ್ಪ."

"ಹಲ್ವಾನ ಲೋಟದಲ್ಲಿ ಕೊಡ್ತಾರೇನೋ?"

"ಡಿಜಿಟಲ್ ಹಲ್ವಾ. ಕುಡಿದು ನೋಡು."

ಒಂದು ಗುಟುಕು ಕುಡಿದರು. ಸುಮ್ಮನಾದರು. ಇನ್ನೊಂದು ಗುಟುಕು. "ತುಪ್ಪ ಕಮ್ಮಿ ಆಯ್ತು" ಅಂತ ಅಮ್ಮನ ಕಡೆ ತಿರುಗಿ ಹೇಳಿದರು. ಲೋಟ ಖಾಲಿಯಾಗಿತ್ತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಮಾಡಿದ್ದರಲ್ಲಿ ಅಪ್ಪನಿಗೆ ಬೆಳಿಗ್ಗೆ ಅರ್ಧ, ಸಂಜೆ ಫ್ರಿಜ್ಜಿನಿಂದ ತೆಗೆದು ಇನ್ನರ್ಧ. ಪೂರ್ತಿ ಲೋಟ ಒಂದೇ ಸಲ ಅಪ್ಪನ ಹೊಟ್ಟೆಗೆ ಭಾರ. ಜೊತೆಗೆ ಡಾಕ್ಟರು ಹೇಳಿದ ವ್ಯಾಯಾಮ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳೋದು, ಕೂರೋದು. ಕುಡಿದು ಸುಮ್ಮನೆ ಕೂತರೆ ಮಾಂಸಖಂಡ ಬರಲ್ಲ, ಇದು ಅಪ್ಪನಿಗೂ ಅಷ್ಟೆ, ನಿಮಗೂ ಅಷ್ಟೆ. ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಅಂದ ಹಾಗೆ, 1976ರ 'ರಾಕಿ' ಚಿತ್ರದಲ್ಲಿ ಸ್ಟಾಲೋನ್ ಬೆಳಗಿನ ಜಾವ ಹಸಿ ಮೊಟ್ಟೆಗಳನ್ನು ಗ್ಲಾಸಿಗೆ ಒಡೆದು ಗಟಗಟ ಕುಡಿಯೋದನ್ನು ನೋಡಿ ಹಾಗೇ ಮಾಡೋರು ಇನ್ನೂ ಇದ್ದಾರೆ. ಬೇಡ ಮಾರಾಯ್ರೇ! ಹಸಿ ಮೊಟ್ಟೆಯ ಪ್ರೋಟೀನ್ ಬೇಯಿಸಿದ್ದರಷ್ಟು ಮೈಗೆ ಹತ್ತಲ್ಲ, ಮೇಲೆ ಹೊಟ್ಟೆ ಕೆಡೋ ಭಯ. ನಮ್ಮ ಅಣ್ಣಾವ್ರನ್ನು ನೋಡಿ. ಸಂಭಾವನೆ ಇಲ್ಲದೆ ಜಾಹೀರಾತಿಗೆ ನಿಂತದ್ದು ನಂದಿನಿ ಹಾಲಿಗೆ. ಆಮೇಲೆ ಅಪ್ಪುವೂ ಹಾಗೇ ನಿಂತರು.

ಅಪ್ಪು ಅಂದಾಗ ನೆನಪಾಯಿತು. 2025ರ ಮಾರ್ಚಿನಲ್ಲಿ, ಪುನೀತ್ ಐವತ್ತನೇ ಹುಟ್ಟುಹಬ್ಬದ ಹೊತ್ತಿಗೆ, 'ಅಪ್ಪು' ಮತ್ತೆ ತೆರೆಗೆ ಬಂತಲ್ಲ, ಅಪ್ಪ ಹೋಗಲೇಬೇಕು ಅಂದರು. 2002ರಲ್ಲಿ ಅದನ್ನು ಎಷ್ಟು ಷೋ ಓಡಿಸಿದ್ದರೋ ಲೆಕ್ಕವಿಲ್ಲ, ಕೂತು ನೋಡಿರಲಿಲ್ಲವಂತೆ. ನಾನು ಕೆಳಗಿನ ಸೀಟು ತರೋಣ ಅಂದೆ. "ಬಾಲ್ಕನಿ ತಗೋ" ಅಂದರು. ಲೋಟ ಹಲ್ವಾ ಶುರುವಾಗಿ ಆಗ ನಾಲ್ಕು ತಿಂಗಳು, ತೂಕ 55. ಕಂಬಿ ಹಿಡಿದು ನಿಧಾನಕ್ಕೆ ಹತ್ತಿದರು. ನಡುವೆ ನಿಲ್ಲಲಿಲ್ಲ. ಹುಡುಗರು ಕೂಗಿ, ಕುಣಿದು, ಪೇಪರ್ ಹಾರಿಸ್ತಿದ್ದಾಗ ಅಪ್ಪ ಪರದೆ ನೋಡದೆ ಹಿಂತಿರುಗಿ ಕ್ಯಾಬಿನ್ ಕಿಂಡಿಯನ್ನೇ ನೋಡ್ತಿದ್ದರು. "ಒಳಗೆ ಯಾರೂ ಇಲ್ಲ ಅನ್ಸುತ್ತೆ ಕಣೋ" ಅಂದರು.

ಈಗ ಕೆಳಗಿನ ಹಲ್ಲಿನ ಸೆಟ್ಟು ಬಂದಿದೆ, ಚಪಾತಿ ತಿಂತಾರೆ. ಆದರೂ ಬೆಳಗಿನ ಲೋಟ ಬಿಟ್ಟಿಲ್ಲ. ಕ್ಯಾರೆಟ್ ಬೆಲೆ ಏರಿದ ವಾರ ಸಿಹಿಗುಂಬಳ ಬೇಯಿಸಿ, ಖರ್ಜೂರದ ಬದಲು ಬೆಲ್ಲ ಹಾಕಿ ಮಾಡ್ತೇನೆ. ಗುಂಬಳದ ಕಡುಬಿನ ರುಚಿ ಬರುತ್ತೆ, ಒಂದಿಷ್ಟು ಕಾಯಿತುರಿ ಸೇರಿಸಿದರಂತೂ ಹಬ್ಬ! ಬೀಟ್‌ರೂಟ್ ಹಲ್ವಾ ಥರಾನೂ ಮಾಡಬಹುದು, ಬಣ್ಣ ಭರ್ಜರಿ. ಆದರೆ ಅದನ್ನು ಕುಡಿದ ದಿನ ಬಾತ್‌ರೂಮಿನಲ್ಲಿ ಕೆಂಪು ಕಂಡರೆ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡಿ. ಅದು ಬೀಟ್‌ರೂಟಿನ ಬಣ್ಣ ಅಷ್ಟೆ. ಒಂದೆರಡು ದಿನದಲ್ಲಿ ಹೋಗುತ್ತೆ.