ಮರಳು ಗಡಿಯಾರ ಮತ್ತು ಕಡಲ ಕದನ

ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಲಂಡನ್ನಿಗೆ ಹೋದವಳು ನಾನು, ಊರು ನೋಡಲಿಕ್ಕಲ್ಲ. ಎರಡು ತಿಂಗಳು ಎಣ್ಣೆ-ನೀರು, ಮೆಣಸಿನ ಸಾರು, ಮಗುವಿನ ಬಟ್ಟೆ ಇವುಗಳಲ್ಲೇ ಕಳೆಯಿತು. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ತಮ್ಮ, “ಅಕ್ಕಾ, ಒಂದು ದಿನವಾದರೂ ಹೊರಗೆ ಬಾ. ನಿನಗೊಂದು ಯುದ್ಧ ತೋರಿಸ್ತೀನಿ” ಎಂದ. “ಯುದ್ಧ ಯಾಕಪ್ಪಾ, ಅರಮನೆ ತೋರಿಸು” ಎಂದೆ. ಅವನು ಕೇಳಲಿಲ್ಲ.

ಹೋದದ್ದು ಬ್ರಿಟಿಷ್ ಮ್ಯೂಸಿಯಂಗೆ. ಅಲ್ಲಿ ಹಳೆಯ ಚಿತ್ರಪಟಗಳನ್ನು ಮೇಜಿನ ಮುಂದೆ ಕುಳಿತು ನೋಡುವ ಒಂದು ಕೋಣೆಯಿದೆ. ಮೊದಲೇ ಬರೆದು ಕೇಳಿಕೊಂಡಿದ್ದರೆ ಬೇಕಾದ ಚಿತ್ರವನ್ನು ತಂದು ಎದುರಿಗಿಡುತ್ತಾರೆ. ಪೆನ್ನು ಹಿಡಿಯುವಂತಿಲ್ಲ, ಪೆನ್ಸಿಲ್ ಮಾತ್ರ. ಮಡಿಯಲ್ಲಿರುವವರ ಹಾಗೆ ಕೈಕಟ್ಟಿ ಕೂತೆ.

ಗೋಡೆ ತುಂಬುವ ಬಣ್ಣದ ಚಿತ್ರವೇನಲ್ಲ ಅದು. ಪುಸ್ತಕವೊಂದಕ್ಕೆಂದು ಅಚ್ಚಾದ ಕಪ್ಪು-ಬಿಳುಪಿನ ಹಾಳೆ. ‘ಮೇರಿ ರೋಸ್’ ಎಂಬ ಇಂಗ್ಲಿಷ್ ಹಡಗನ್ನು ಆಲ್ಜಿಯರ್ಸಿನ ಏಳು ಕಡಲ್ಗಳ್ಳರ ಹಡಗುಗಳು ಮುತ್ತಿದ ಕಾಳಗ. ನಡೆದದ್ದು 1669ರ ಡಿಸೆಂಬರಿನಲ್ಲಿ, ಸ್ಪೇನಿನ ಕಾಡಿಜ್ ಬಳಿಯ ಕಡಲಿನಲ್ಲಿ. ಮೊದಲ ನೋಟಕ್ಕೆ ಕಂಡದ್ದು ಹಾಯಿ, ಹಗ್ಗ, ಹೊಗೆ ಅಷ್ಟೆ. ಆಮೇಲೆ ತಮ್ಮ ಹೇಳಿದ, “ಅಕ್ಕಾ, ಇದನ್ನು ಬರೆದವನು ಆ ಹಡಗಿನ ಮೇಲೇ ಇದ್ದ!” ನನ್ನ ಮೈ ಜುಮ್ಮೆಂದಿತು.

ಆತನ ಹೆಸರು ವೆನ್ಸೆಸ್ಲಾಸ್ ಹಾಲರ್. 1607ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದವನು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಇಡುವುದು ಇವನ ಕಸುಬು. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಗೀರಿನಲ್ಲಿ ಮಸಿ ತುಂಬಿ ಕಾಗದ ಒತ್ತಿದರೆ ಚಿತ್ರ. ನಾವು ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಅಲ್ಲಿ ಕೆತ್ತುವುದು ಉಳಿ, ಇಲ್ಲಿ ಆಮ್ಲ. ಹೆಂಗಸರ ಉಡುಪುಗಳನ್ನೂ, ದೊಡ್ಡ ಮನೆಯೊಡತಿಯಿಂದ ಅಡಿಗೆಮನೆಯ ಆಳಿನವರೆಗೆ, 1640ರಲ್ಲೇ ಬಿಡಿಸಿದ್ದನಂತೆ.

ಆತ ಕಡಲಿಗೆ ಹೋದದ್ದೇಕೆ? ಆ ಕಥೆಯಲ್ಲಿ ಒಂದು ಮದುವೆಯಿದೆ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ 1662ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ವರದಕ್ಷಿಣೆಯಾಗಿ ಬಂದವುಗಳಲ್ಲಿ ಆಫ್ರಿಕದ ದಡದ ಟ್ಯಾಂಜಿಯರ್ ಪಟ್ಟಣ ಒಂದು, ನಮ್ಮ ಮುಂಬಯಿ ಇನ್ನೊಂದು! ಬೆಳ್ಳಿ ತಟ್ಟೆ, ಸ್ಕೂಟರ್ ಕೇಳುವವರನ್ನು ಕಂಡಿದ್ದೆ, ಊರನ್ನೇ ಪಡೆದವರ ಕಥೆ ಕೇಳಿರಲಿಲ್ಲ. ಮುಂಬಯಿಯನ್ನು 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಬಿಟ್ಟುಕೊಟ್ಟ ರಾಜ, ಟ್ಯಾಂಜಿಯರನ್ನು ತಾನೇ ಇಟ್ಟುಕೊಂಡ. ಅದರ ಕೋಟೆ, ಬಂದರುಗಳ ಚಿತ್ರ ಬರೆದು ತರಲು ಹಾಲರನನ್ನು ಕಳಿಸಿದರು. ಆಗ ಆತನಿಗೆ 62 ವರ್ಷ. ಮರಳಿ ಬರುವಾಗ ಹತ್ತಿದ್ದು ಈ ಮೇರಿ ರೋಸ್.

ಕಡಲ್ಗಳ್ಳರ ಕೈಗೆ ಸಿಕ್ಕವರು ಆಲ್ಜಿಯರ್ಸಿನ ಸಂತೆಯಲ್ಲಿ ಗುಲಾಮರಾಗಿ ಬಿಕರಿಯಾಗುತ್ತಿದ್ದರು. ಒಂದೇ ಕಡೆಯವರನ್ನು ದೂರುವಂತಿಲ್ಲ. ಮಾಲ್ಟಾದ ಕ್ರೈಸ್ತ ವೀರರೂ ಮುಸ್ಲಿಮರನ್ನು ಹಿಡಿದು ಹಡಗಿನ ಹುಟ್ಟಿಗೆ ಕಟ್ಟುತ್ತಿದ್ದರು. ಎರಡೂ ದಡಗಳಲ್ಲಿ ಬಾಗಿಲಲ್ಲಿ ನಿಂತು ಕಾಯುವ ಹೆಂಗಸರಿದ್ದರು.

ಕ್ಯಾಪ್ಟನ್ ಕೆಂಪ್‌ಥಾರ್ನ್ ಧೈರ್ಯವಾಗಿ ಹೋರಾಡಿದ. ಕಳ್ಳರು ಹಿಮ್ಮೆಟ್ಟಿದರು. ಮೇರಿ ರೋಸ್‌ನಲ್ಲಿ ಸತ್ತವರು 11, ಗಾಯಗೊಂಡವರು 17 ಎಂದು ಹಾಲರನ ಚರಿತ್ರೆ ಬರೆದವರು ಹೇಳುತ್ತಾರೆ. ಕ್ಯಾಪ್ಟನ್ನಿಗೆ ರಾಜನಿಂದ ‘ಸರ್’ ಪದವಿ ಬಂತು. ಹಾಲರನಿಗೆ? ಅಷ್ಟು ದೂರದ ಕೆಲಸಕ್ಕೆ, ಅಲೆದಲೆದು ಕೇಳಿದ ಮೇಲೆ 100 ಪೌಂಡ್ ಸಿಕ್ಕಿತಂತೆ. ಕಾಳಗದ ಚಿತ್ರ 1670ರಲ್ಲಿ ಓಗಿಲ್ಬಿ ಎಂಬಾತ ಪ್ರಕಟಿಸಿದ ಆಫ್ರಿಕದ ಪುಸ್ತಕದಲ್ಲಿ ಬಂತು.

ಇನ್ನೊಂದು ಸಂಗತಿ ಕೇಳಿ. ಆತ ಗಂಟೆಗೆ 4 ಪೆನ್ನಿ ಕೂಲಿಗೆ ದುಡಿಯುತ್ತಿದ್ದನಂತೆ. ಮೇಜಿನ ಮೇಲೆ ಸದಾ ಮರಳು ಗಡಿಯಾರ. ಯಾರಾದರೂ ಮಾತಿಗೆ ಬಂದರೆ ಅದನ್ನು ಅಡ್ಡ ಮಲಗಿಸುತ್ತಿದ್ದನಂತೆ, ಮಾತಾಡಿದ ಹೊತ್ತಿಗೆ ಕೂಲಿ ಹಿಡಿಯಬಾರದೆಂದು! ಇಷ್ಟು ಪ್ರಾಮಾಣಿಕನಾದ ಮನುಷ್ಯ 1677ರಲ್ಲಿ ಬಡತನದಲ್ಲೇ ತೀರಿಕೊಂಡ. ಚಿತ್ರ ಬಿಡಿಸುತ್ತಿದ್ದ ಮಗನೊಬ್ಬನನ್ನು ಅದಕ್ಕೂ ಮುಂಚೆ, 1665ರ ಪ್ಲೇಗಿನಲ್ಲಿ ಕಳೆದುಕೊಂಡಿದ್ದ.

ಸಂಜೆ ಮನೆಗೆ ಬಂದು ಮಗುವಿಗೆ ಎಣ್ಣೆ ತಿಕ್ಕುತ್ತಾ ಇದನ್ನೇ ಯೋಚಿಸಿದೆ. ನಮ್ಮ ಕೆಲಸಕ್ಕೆ ಮರಳು ಗಡಿಯಾರ ಇಟ್ಟವರು ಯಾರು? ಇಟ್ಟಿದ್ದರೂ ಅದನ್ನು ಅಡ್ಡ ಮಲಗಿಸಲು ನಮಗೆ ಪುರುಸೊತ್ತೆಲ್ಲಿ? ಆದರೆ ಆ ಮುದುಕ ಕೂಲಿ ಕಡಿಮೆಯೆಂದು ಒಂದು ಹಗ್ಗವನ್ನೂ ಬಿಡಲಿಲ್ಲ, ಒಂದು ಅಲೆಯನ್ನೂ ಅವಸರದಲ್ಲಿ ಗೀಚಲಿಲ್ಲ. ಟ್ಯಾಂಜಿಯರನ್ನು ಇಂಗ್ಲಿಷರು 1684ರಲ್ಲಿ ಬಿಟ್ಟುಹೋದರು. ಅದೀಗ ಮೊರಾಕ್ಕೊ ದೇಶದ ಊರು. ಸರ್ ಪದವಿಯ ಕ್ಯಾಪ್ಟನ್ನನನ್ನು ನಾನು ತಿಳಿದದ್ದೂ ಗಂಟೆಗೆ 4 ಪೆನ್ನಿಯ ಈ ಕೈಯಿಂದಲೇ.

ಮಕ್ಕಳ ಮನೆಗೋ ತಮ್ಮನ ಮನೆಗೋ ಲಂಡನ್ನಿಗೆ ಹೋಗುವ ಸೋದರಿಯರೇ, ಬಾಣಂತನದ ನಡುವೆ ಒಂದು ದಿನ ನಿಮಗಾಗಿ ತೆಗೆದಿಡಿ. ಮ್ಯೂಸಿಯಂ ಪ್ರವೇಶಕ್ಕೆ ಕಾಸು ಬೇಡ. ವೆಸ್ಟ್‌ಮಿನ್‌ಸ್ಟರಿನ ಸೇಂಟ್ ಮಾರ್ಗರೆಟ್ ಚರ್ಚಿಗೂ ಹೋಗಿಬನ್ನಿ. ಹಾಲರನನ್ನು ಮಣ್ಣು ಮಾಡಿದ್ದು ಅಲ್ಲೇ.