ಕಾಫಿ ತೋಟದ ತಲೆಯ ಮೇಲೊಂದು ಕಾಡು

ಹುಣಸೂರು ದಾಟಿ ಗೋಣಿಕೊಪ್ಪದ ಹಾದಿ ಹಿಡಿದ ಬಸ್ಸು ಆನೆಚೌಕೂರಿನ ಬಳಿ ನಾಗರಹೊಳೆಯ ಕಾಡನ್ನು ಹೊಗುತ್ತದೆ. ತಿತಿಮತಿ ಕಳೆದ ಮೇಲೆ ಕಾಡು ಮುಗಿದು ಕಾಫಿ ತೋಟ ಆರಂಭವಾದದ್ದು ಹೊಸಬರಿಗೆ ತಟ್ಟನೆ ತಿಳಿಯುವುದಿಲ್ಲ. ತಲೆಯ ಮೇಲಿನ ಹಸಿರು ಮುಂದುವರಿದೇ ಇರುತ್ತದೆ. ಕೆಳಗೆ ಮಾತ್ರ ಸಾಲುಸಾಲು ಕಾಫಿ ಗಿಡ.

ಈ ಹಸಿರು ತಾನಾಗಿ ಉಳಿದುದಲ್ಲ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ. ತೀರ ಕಡಿಮೆಯಾದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ. ರೊಬಸ್ಟಾಕ್ಕೆ ಬಿಸಿಲು ತುಸು ಹೆಚ್ಚೇ ಬೇಕು. ಆದ್ದರಿಂದ ಆಳುಗಳು ಕತ್ತಿ ಹಿಡಿದು ಮರವೇರಿ ಕೊಂಬೆ ಸವರುತ್ತಾರೆ. ಇದೇ ಮರಗಸಿ. ಎಲ್ಲಿ ಬೆಳಕು ಬಿಡಬೇಕು, ಯಾವ ಮರ ಉಳಿಸಬೇಕು ಎಂಬ ಲೆಕ್ಕ ಬೆಳೆಗಾರನ ಮನಸ್ಸಿನಲ್ಲಿರುತ್ತದೆ.

ಆ ಲೆಕ್ಕದ ಮೇಲೆ ಬೇರೆಯವರ ಬದುಕೂ ನಿಂತಿದೆ. ಕೆಂಜಳಿಲು ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದರ ದಾರಿಯೇ ಕಡಿಯುತ್ತದೆ. ಮಂಗಟ್ಟೆ ಹಕ್ಕಿಗೆ ಅತ್ತಿ, ಬಸರಿ, ಗೋಣಿಯ ಹಣ್ಣು ಬೇಕು, ಗೂಡಿಗೆ ಹಳೆಯ ಮರದ ಪೊಟರೆ ಬೇಕು. ಹೆಣ್ಣು ಒಳಗೆ ಕುಳಿತು ಬಾಯಿ ಮುಚ್ಚಿಕೊಂಡರೆ, ಗಂಡು ಸಣ್ಣ ಸೀಳಿನಿಂದ ಉಣಿಸುತ್ತದೆ.

ಈಗ ಅನೇಕ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗಿನ ಕಾಂಡದ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬುತ್ತದೆ. ಕಾಡುಮರ ಕಡಿಯಲು ಬೇಕಾದ ಅನುಮತಿಯ ಓಡಾಟವೂ ಇದಕ್ಕಿಲ್ಲ. ಬೆಲೆಯ ಏರಿಳಿತದಲ್ಲಿ ಬದುಕುವ ಬೆಳೆಗಾರನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಅದರ ಒಣ ಕಾಯಿಯಲ್ಲಿ ಮಂಗಟ್ಟೆಗೆ ತಿನ್ನಲು ಏನೂ ಇಲ್ಲ. ಮರಗಳ ಸಂಖ್ಯೆ ಅಷ್ಟೇ ಇದ್ದರೂ ಊಟದ ಮನೆ ಖಾಲಿ!

ಕಾಡುಮರ ಉಳಿಸಿದವರಿಗೂ ಕಷ್ಟ ತಪ್ಪಿದ್ದಲ್ಲ. ಹಲಸಿನ ವಾಸನೆಗೆ ಆನೆ ತೋಟಕ್ಕೆ ಬರುತ್ತದೆ. ಕೊಡಗಿನಲ್ಲಿ ಆನೆಯಿಂದ ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕೇ ಹಲಸನ್ನು ಎಳೆಯದರಲ್ಲೇ ಕೊಯ್ದು ಹಾಕಿ, ಅತ್ತಿಯನ್ನು ಮಾತ್ರ ಹಕ್ಕಿಗಳಿಗೆ ಬಿಡುವವರೂ ಇದ್ದಾರೆ. ಕಾಡನ್ನು ದೇವರಿಗೆಂದು ಬಿಟ್ಟ ಸಾವಿರಕ್ಕೂ ಹೆಚ್ಚು ದೇವರಕಾಡುಗಳ ನಾಡಿಗೆ ಇದು ಹೊಸ ಪಾಠವಲ್ಲ.

ರಜೆಯಲ್ಲಿ ಕೊಡಗಿಗೆ ಹೋಗುವ ಮಕ್ಕಳು ಕಾಫಿ ಹಣ್ಣನ್ನಷ್ಟೇ ನೋಡಿ ಮರಳಬಾರದು. ಒಮ್ಮೆ ತಲೆಯೆತ್ತಿ ಎಷ್ಟು ಬಗೆಯ ಎಲೆಗಳಿವೆ ಎಂದು ಎಣಿಸಲಿ. ತೋಟದಲ್ಲಿ ಇನ್ನೆಷ್ಟು ಕಾಡು ಉಳಿದಿದೆ ಎಂಬುದು ಅಲ್ಲೇ ತಿಳಿಯುತ್ತದೆ.