ಬಿನ್ನಿಪೇಟೆಯಲ್ಲಿ ಒಂದೆಳೆ ಉಣ್ಣೆ

ಮಾಗಡಿ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬಿನ್ನಿಪೇಟೆಯ ಕಡೆ ನಡೆದರೆ ಮೊದಲು ಕಣ್ಣಿಗೆ ಬೀಳುವುದು ಮುಗಿಲೆತ್ತರದ ಅಪಾರ್ಟ್‌ಮೆಂಟುಗಳು. ಮಿಲ್ಲಿನ ನೆಲದ ಮೇಲೆ ಈಗ ಎದ್ದು ನಿಂತಿರುವುದು ಇವೇ. ಮಿಲ್ಲು ಹೋಯಿತು, ಹೆಸರು ಉಳಿಯಿತು.

ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲು ಶುರುವಾದದ್ದು 1884ರಲ್ಲಿ. ಎರಡು ವರ್ಷಗಳ ನಂತರ ಮದರಾಸಿನ ಬಿನ್ನಿ ಕಂಪನಿ ಅದರ ಆಡಳಿತ ವಹಿಸಿಕೊಂಡಿತು. ಇಲ್ಲಿನ ಉಣ್ಣೆ ಬಟ್ಟೆ ಸೈನ್ಯಕ್ಕೂ ಹೋಗುತ್ತಿತ್ತು. ಮುಂಭಾಗಕ್ಕೆ ಗುಂಡಿಯಿರುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದೂ ಒಬ್ಬ ಸೇನಾನಿಯಿಂದಲೇ. ಆತ 1854ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಕಾದಾಡಿದ ಕಾರ್ಡಿಗನ್ ಪ್ರಾಂತದ ಬ್ರಿಟಿಷ್ ಸರದಾರ.

ಯಂತ್ರಗಳು ದಿನವಿಡೀ ಮಾಡುತ್ತಿದ್ದ ಕೆಲಸವೇನು ಎಂಬುದು ತಕಲಿ ಹಿಡಿದವರಿಗೆ ಅರ್ಥವಾಗುತ್ತದೆ. ಉಣ್ಣೆ ಬಿಡಿಸಬೇಕು, ಬಾಚಬೇಕು, ತೆಳುವಾಗಿ ಎಳೆಯಬೇಕು, ಹುರಿ ಹಾಕಬೇಕು. ಹೊಸಬರ ಕೈಯಲ್ಲಿ ಹುರಿ ಕಡಿಮೆಯಾದರೆ ಎಳೆ ಜಾರಿ ತಕಲಿ ನೆಲಕ್ಕೆ ಬೀಳುತ್ತದೆ. ಹೆಚ್ಚಾದರೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಕಡೆ ಹಗ್ಗ, ಇನ್ನೊಂದು ಕಡೆ ಕೂದಲು! ಹಾಗೆ ನೂತ ಎರಡು ಎಳೆಗಳನ್ನು ಜೋಡಿಸಿ ವಿರುದ್ಧ ದಿಕ್ಕಿಗೆ ಹುರಿ ಹಾಕಿದಾಗಲೇ ಹೆಣಿಗೆಗೆ ಒದಗುವ ದಾರವಾಗುವುದು. ಒಂದು ಕಾರ್ಡಿಗನ್ನಿಗೆ ಇಂಥದ್ದು ಹೆಚ್ಚುಕಡಿಮೆ ಅರ್ಧ ಕಿಲೋ ಬೇಕು.

ಚಳ್ಳಕೆರೆ ಸೀಮೆಯ ಕುರುಬರ ಮನೆಗಳಲ್ಲಿ ಹೆಂಗಸರು ನೂತ ಉಣ್ಣೆಯೇ ಗಂಡಸರ ಮಗ್ಗದಲ್ಲಿ ಕಂಬಳಿಯಾಗುತ್ತಿತ್ತು. ಹಾಸಿಗೆ ಬಿಗಿ ಬರಲೆಂದು ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ದಖ್ಖನಿ ಕುರಿಯ ಆ ಉಣ್ಣೆ ಒರಟು. ಮಳೆಗೂ ಚಳಿಗೂ ಹೊದೆಯಲು ಹೇಳಿ ಮಾಡಿಸಿದ್ದು, ಆದರೆ ಕುತ್ತಿಗೆಗೆ ಚುಚ್ಚುತ್ತದೆ. ನೂಲುವುದನ್ನು ಕಲಿಯಲು ಅದು ಸಾಕು, ಕಾರ್ಡಿಗನ್ನಿಗೆ ಮೆತ್ತನೆಯದು ಬೇಕು. ಪೇಟೆಯಲ್ಲಿ ‘ಉಲ್ಲನ್’ ಎಂದು ಕೊಡುವ ಬಣ್ಣದ ಉಂಡೆಗಳಲ್ಲಿ ಬಹುಪಾಲು ಉಣ್ಣೆಯೇ ಅಲ್ಲ, ಅಕ್ರಿಲಿಕ್.

ಆಮೇಲಿನದು ಸೂಜಿಯ ಕೆಲಸ. ಬೆನ್ನು, ಎರಡು ಮುಂಭಾಗ, ಎರಡು ತೋಳು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕುಣಿಕೆ ಒಂದು ಜಾರಿದರೂ ಕೆಳಗಿನ ಸಾಲುಗಳು ಸರಸರನೆ ಬಿಚ್ಚಿಕೊಳ್ಳುತ್ತವೆ. ಹೆಣಿಗೆಯಲ್ಲಿ ಅದಕ್ಕೂ ಪರಿಹಾರವಿದೆ: ತಪ್ಪಿದಲ್ಲಿಯವರೆಗೆ ಬಿಚ್ಚಿ, ಅದೇ ದಾರದಿಂದ ಮತ್ತೆ ಹೆಣೆಯುವುದು. ಅಣ್ಣನ ಹಳೇ ಸ್ವೆಟರು ತಮ್ಮನಿಗೆ ಹೊಸದಾಗುತ್ತಿದ್ದುದು ಹೀಗೆಯೇ.

ಮಿಲ್ಲಿನ ವಿದ್ಯೆಗೆ ಆ ಅನುಕೂಲವಿಲ್ಲ. ಎಳೆ ಕಡಿದದ್ದನ್ನು ಕಂಡ ಕೂಡಲೇ ಬೆರಳಲ್ಲೇ ಹೊಸೆದು ಸೇರಿಸುವ ಕೈಚಳಕ ಯಂತ್ರದಲ್ಲಿ ಇರಲಿಲ್ಲ, ಕಾರ್ಮಿಕರ ಬೆರಳುಗಳಲ್ಲಿತ್ತು. ಅಂಥ ಹಿರಿಯರು ನೆರೆಹೊರೆಯಲ್ಲಿದ್ದರೆ, ತಕಲಿ ಹಿಡಿಯುವ ಮುಂಚೆ ಅವರ ಮನೆಯ ಬಾಗಿಲು ತಟ್ಟುವುದು ಒಳ್ಳೆಯದು.